ಕಕ್ಕಡದ ಹಸಿವು, ಕಕ್ಕಡದ ಉಪವಾಸ

ವಿರಾಜಪೇಟೆ ಕಡೆಯ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದಲ್ಲಿ ಈ ಸಲ ಅವರು ಏಳು ದಿನ ನೀರು, ಉಪ್ಪು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲವಂತೆ. ಮೂರನೆಯ ದಿನದಿಂದ ಹಸಿವೆಂಬುದೇ ಇಲ್ಲವಾಗಿ ಮನಸ್ಸು ತಿಳಿಯಾಯಿತಂತೆ. ಎಂಟನೆಯ ದಿನ ಕಡಂಬುಟ್ಟು (ಅಕ್ಕಿತರಿಯ ಉಂಡೆ), ಪಂದಿಕರಿ (ಹಂದಿಮಾಂಸದ ಸಾರು) ಉಂಡಾಗ ಮಾತ್ರ ತಲೆ ಸುತ್ತಿ ಮಲಗಬೇಕಾಯಿತಂತೆ. ‘ನಮ್ಮ ಹಿರಿಯರು ಕಕ್ಕಡದಲ್ಲಿ ಅರೆಹೊಟ್ಟೆಯಲ್ಲಿದ್ದೇ ಗಟ್ಟಿಯಾಗಿದ್ದರು. ಹಸಿವನ್ನು ಮರೆತದ್ದೇ ಇಂದಿನ ನಮ್ಮ ರೋಗಗಳಿಗೆಲ್ಲ ಮೂಲ. ಇದನ್ನು ನೀವು ಗಟ್ಟಿಯಾಗಿ ಬರೆಯಬೇಕು’ ಎಂದು ಅವರು ಕೇಳಿಕೊಂಡಿದ್ದಾರೆ.

ಮಾನ್ಯರೇ, ನಿಮ್ಮ ಸಂಕಲ್ಪಶಕ್ತಿಗೆ ನನ್ನ ಗೌರವವಿದೆ. ನೀವು ಹೇಳುವ ಮೂರನೆಯ ದಿನದ ಅನುಭವವೂ ಸುಳ್ಳಲ್ಲ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಸುಮಾರು ಒಂದು ದಿನಕ್ಕೆ ತೀರುತ್ತದೆ, ಆಮೇಲೆ ದೇಹ ಕೊಬ್ಬನ್ನು ಕರಗಿಸಿ ಕೀಟೋನುಗಳೆಂಬ ಬದಲಿ ಇಂಧನವನ್ನು ಮಾಡಿಕೊಳ್ಳುತ್ತದೆ, ಮಿದುಳು ಅದಕ್ಕೆ ಒಗ್ಗಿಕೊಂಡಂತೆ ಸಂಕಟ ತಗ್ಗುತ್ತದೆ. ಉಪವಾಸಕ್ಕೆ ನಮ್ಮ ನೆಲದಲ್ಲಿ ದೊಡ್ಡ ಮೇಲ್ಪಂಕ್ತಿಯೂ ಇದೆ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೆ ಬರಲೇಬೇಕೆಂದು ಕಥೆಗಾರ್ತಿ ಕೊಡಗಿನ ಗೌರಮ್ಮನವರು ಊಟ ಬಿಟ್ಟು ಕುಳಿತರು, ಗಾಂಧೀಜಿ ಬಂದರು, ಗೌರಮ್ಮ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದರು. ಆದರೆ ಆ ಮನೆಯ ಅಡುಗೆಕೋಣೆಯಲ್ಲಿ ಅಕ್ಕಿಯಿತ್ತು. ನಿಮ್ಮ ಮನೆಯಲ್ಲೂ ಇತ್ತು. ಉಪವಾಸ ಯಾವಾಗ ಮುಗಿಯಬೇಕೆಂದು ತಾನೇ ನಿರ್ಧರಿಸಬಲ್ಲವರ ಅನುಭವಕ್ಕೆ ಹಸಿವೆಂಬ ಹೆಸರನ್ನು ಕೊಡಲು ನಾನು ಒಪ್ಪಲಾರೆ.

ಹಿರಿಯರ ಕಕ್ಕಡವನ್ನು ನೀವು ವ್ರತವೆಂಬಂತೆ ಚಿತ್ರಿಸಿದ್ದೀರಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ತಿಂಗಳಲ್ಲಿ ಗದ್ದೆಯ ಕೆಲಸ ಸೊಂಟ ಮುರಿಯುತ್ತಿತ್ತು, ಪತ್ತಾಯದ (ಕಣಜದ) ಭತ್ತ ತಳ ಕಾಣುತ್ತಿತ್ತು, ಹೊಸ ಅಕ್ಕಿಯ ಹಬ್ಬವಾದ ಪುತ್ತರಿಗೆ ಇನ್ನೂ ನಾಲ್ಕು ತಿಂಗಳು ಕಾಯಬೇಕಿತ್ತು. ಬಿದಿರಿನ ಎಳೆ ಮೊಳಕೆಯಾದ ಕಣಿಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸಿ, ಅದರ ಕಹಿಯನ್ನೂ ನಂಜನ್ನೂ ತೆಗೆದು ಬೇಯಿಸುತ್ತಿದ್ದರು. ಕೆಸುವಿನ ಎಲೆಯ ತುರಿಕೆಯನ್ನು ಹುಳಿ ಹಾಕಿ ಇಳಿಸುತ್ತಿದ್ದರು. ಮನೆಯಲ್ಲಿ ಅಕ್ಕಿ, ಹಿತ್ತಲಲ್ಲಿ ತರಕಾರಿ ತುಂಬಿದ್ದವರು ಇಷ್ಟು ಪಾಡು ಪಡುತ್ತಿದ್ದರೇ? ಕಕ್ಕಡದ ಹದಿನೆಂಟನೆಯ ದಿನ ಮಾಡುವ ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸವನ್ನು ನಾನೂ ಪ್ರೀತಿಯಿಂದ ಉಣ್ಣುತ್ತೇನೆ. ಇಂದು ಮಳೆಗಾಲದ ವಿಶೇಷವೆಂದು ಹೋಂಸ್ಟೇಗಳಲ್ಲಿ ಬಡಿಸುವ ಕಣಿಲೆ ಪಲ್ಯ ಮಾತ್ರ ನನ್ನ ಅಜ್ಜಿಗೆ ಬರಿದಾದ ಪತ್ತಾಯದ ನೆನಪಾಗಿತ್ತು.

ನನ್ನ ಹಸಿವಿನ ಅನುಭವ ಚಿಕ್ಕದು. 2018ರ ಆಗಸ್ಟಿನಲ್ಲಿ ಮಡಿಕೇರಿ ಬಳಿಯ ಮಕ್ಕಂದೂರಿನ ಆಚೆ ಗುಡ್ಡಗಳು ಕುಸಿದಾಗ ನೆಂಟರ ಮನೆಯಲ್ಲಿ ಸಿಕ್ಕಿಬಿದ್ದೆ. ಅಡುಗೆಮನೆಯ ಮೇಲೆ ಮಣ್ಣು ಬಂದಿದ್ದರಿಂದ ಹನ್ನೊಂದು ಮಂದಿಗೆ ಉಳಿದದ್ದು ಎರಡು ಪೊಟ್ಟಣ ಗ್ಲೂಕೋಸ್ ಬಿಸ್ಕತ್ತು. ಅದನ್ನು ಮಕ್ಕಳಿಗೆಂದು ಎಣಿಸಿ ಎತ್ತಿಟ್ಟೆವು. ಮೊದಲ ರಾತ್ರಿ ಹೊಟ್ಟೆಯ ಸಂಕಟ ಅಲೆ ಅಲೆಯಾಗಿ ಬಂದು ಹೋಯಿತು. ಮರುದಿನ ಅದು ತಗ್ಗಿ ಮೂಳೆಯೊಳಗೆ ಚಳಿ ಹೊಕ್ಕಿತು. ಮೂರನೆಯ ಬೆಳಿಗ್ಗೆ ಗುಡ್ಡ ಹತ್ತಿ ಹೊರಡುವ ಹೊತ್ತಿಗೆ ನನ್ನ ಕಣ್ಣು ಮಗುವಿನ ಕೈಯಲ್ಲಿದ್ದ ಅರ್ಧ ಬಿಸ್ಕತ್ತನ್ನೇ ನೋಡುತ್ತಿತ್ತು, ತಿರುಗಿಸಿದರೂ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ನೀವು ಬರೆದಿರುವ ತಿಳಿಮನಸ್ಸು ನನಗೆ ಅಲ್ಲಿ ಸಿಗಲಿಲ್ಲ. ಅಮೆರಿಕದ ಮಿನೆಸೋಟಾದಲ್ಲಿ 1944-45ರಲ್ಲಿ 36 ಮಂದಿ ಯುವಕರು ತಾವಾಗಿಯೇ ಒಪ್ಪಿ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದಾಗಲೂ ಹೀಗೇ ಆಯಿತು: ಅವರು ತಟ್ಟೆಗಳನ್ನು ನೆಕ್ಕಿದರು, ಅಡುಗೆ ಪುಸ್ತಕಗಳನ್ನು ಓದುತ್ತ ಕುಳಿತರು, ಊಟವೊಂದನ್ನುಳಿದು ಬೇರೆಲ್ಲದರಲ್ಲಿ ಆಸಕ್ತಿ ಕಳೆದುಕೊಂಡರು.

ಕೊಡಗಿನ ತೋಟದ ಮನೆಗಳಲ್ಲಿ ಮಳೆಯ ಪುಸ್ತಕವಿರುತ್ತದೆ. ಯಾವ ವರ್ಷದ ಯಾವ ದಿನ ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೆಯ ಪಾಲು) ಸುರಿಯಿತೆಂದು ತಾತನ ಕಾಲದಿಂದಲೂ ಬರೆದಿಟ್ಟವರಿದ್ದಾರೆ. ಅದೇ ಮಳೆ ಹಿಡಿದು ಕೆಲಸ ನಿಂತಾಗ ದಿನಗೂಲಿಯ ಲೈನ್ ಮನೆಗಳಲ್ಲಿ ಎಷ್ಟು ದಿನ ಒಲೆ ಉರಿಯಲಿಲ್ಲವೆಂದು ಬರೆದಿಟ್ಟ ಪುಸ್ತಕವನ್ನು ನಾನು ಒಂದು ಮನೆಯಲ್ಲೂ ಕಂಡಿಲ್ಲ. ನಮ್ಮ ಪತ್ರಿಕೆಗಳೂ, ಇದನ್ನೂ ಸೇರಿಸಿ ಹೇಳುತ್ತೇನೆ, ಕಾಫಿಯ ದರವನ್ನು ತಪ್ಪದೆ ಅಚ್ಚು ಹಾಕುತ್ತವೆ. ಎರವ ಬುಡಕಟ್ಟಿನವರ ಹಾಡಿಯಲ್ಲಿ ಕಾಡುಗೆಣಸು ಅಗೆದು ಮಳೆಗಾಲ ದಾಟಿಸಿದ ತಾಯಿಯಿಂದ ನನಗೆ ಈವರೆಗೆ ಒಂದು ಪತ್ರವೂ ಬಂದಿಲ್ಲ. ಊಟ ಬಿಟ್ಟು ಆರೋಗ್ಯ ಪಡೆದವರ ಪತ್ರಗಳು ವಾರಕ್ಕೆರಡು ಬರುತ್ತಿವೆ.

ಇನ್ನು ನಿಮ್ಮ ಆರೋಗ್ಯದ ಮಾತು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಆ ಏಳು ದಿನವೂ ಬಿಡದೆ ನುಂಗಿದೆನೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದನ್ನು ಓದಿ ನನ್ನ ಎದೆ ಧಸಕ್ಕೆಂದಿತು. ಕೆಲವು ಮಾತ್ರೆಗಳನ್ನು ಬರಿಹೊಟ್ಟೆಯಲ್ಲಿ ನುಂಗಿದರೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿದು ಪ್ರಜ್ಞೆ ತಪ್ಪಬಹುದು. ದಿನಗಟ್ಟಲೆ ಬರಿದಾಗಿದ್ದ ಹೊಟ್ಟೆಗೆ ಒಮ್ಮೆಲೇ ಕಡಂಬುಟ್ಟು ಬಿದ್ದರೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿರುವ ಫಾಸ್ಫೇಟೆಂಬ ಲವಣವನ್ನು ಜೀವಕೋಶಗಳು ಎಳೆದುಕೊಳ್ಳುತ್ತವೆ, ಹೃದಯ, ಉಸಿರು ಎರಡೂ ಸೋಲಬಹುದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಶಿಬಿರಗಳಿಂದ ಬಿಡುಗಡೆಯಾದ ಹಸಿದ ಕೈದಿಗಳಲ್ಲಿ ಕೆಲವರು ಸತ್ತದ್ದು ಊಟ ಸಿಕ್ಕ ಮೇಲೆ. ಈ ವಾರವೇ ನಿಮ್ಮ ವೈದ್ಯರನ್ನು ಕಂಡು ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿ.

ಆ ದಿನ ಗುಡ್ಡ ಇಳಿದ ನಾವು ಮೊದಲು ಸೇರಿದ್ದು ಒಬ್ಬ ಮುದುಕಿಯ ಮನೆಗೆ. ನಮ್ಮದು ಎರಡೇ ದಿನದ ಹಸಿವು, ಅಷ್ಟಕ್ಕೆ ದೊಡ್ಡ ಅಪಾಯವೇನಿರಲಿಲ್ಲ. ಆದರೂ ಅವಳು ಒಲೆಯ ಮೇಲಿದ್ದ ಅನ್ನ ಬಡಿಸಲಿಲ್ಲ. ಗಂಜಿಯ ತಿಳಿಗೆ ಉಪ್ಪು ಹಾಕಿ ಒಬ್ಬೊಬ್ಬರಿಗೆ ಅರ್ಧ ಲೋಟ ಕೊಟ್ಟಳು. ಅನ್ನ ಬೇಕೆಂದು ಹುಡುಗನೊಬ್ಬ ಅತ್ತಾಗ ಅವನನ್ನು ಮಡಿಲಿಗೆ ಎಳೆದುಕೊಂಡು, ‘ತಡಿ ಮಗೂ, ಹೊಟ್ಟೆಗೆ ಮೊದಲು ಗೊತ್ತಾಗಲಿ’ ಎಂದಳು. ತಾಸು ಕಳೆದ ಮೇಲೆ ಮೆತ್ತಗೆ ಹಿಸುಕಿದ ಒಂದೊಂದು ಹಿಡಿ ಅನ್ನ ಕೊಟ್ಟಳು. ಆಕೆ ಅದನ್ನು ಎಲ್ಲಿ ಕಲಿತಳೆಂದು ಕೇಳಿದೆ. ‘ನಮ್ಮ ಕಕ್ಕಡದಲ್ಲಿ’ ಎಂದಳು.