ಸಿಡ್ನಿಯಲ್ಲಿ ಓದೋ ಮಗ 11ನೇ ಕ್ಲಾಸಿಗೆ ಏನ್ಶಿಯಂಟ್ ಹಿಸ್ಟರಿ ಬೇಕು ಅಂತಾನೆ. ಗ್ರೀಕರು, ರೋಮನ್ನರು ನಮಗೇನು ಸಂಬಂಧ? ಕೆಮಿಸ್ಟ್ರಿ ತಗೋ ಅನ್ನಲೇ?

ಇದೇ ಮಾತು ನಮ್ಮ ಮನೆಯಲ್ಲೂ ನಡೆದಿತ್ತು. ಹಟ ಹಿಡಿದು ವಿಷಯವನ್ನೇನೋ ತಗೊಂಡೆ. ಆದರೆ ಅಪ್ಪ ಕೇಳಿದ "ನಮಗೇನಮ್ಮ ಸಂಬಂಧ?" ತಲೆಯಲ್ಲೇ ಕೂತುಬಿಟ್ಟಿತು. ಸಂಬಂಧ ತೋರಿಸಿಯೇ ತೀರಬೇಕು ಅಂತ ಹೊರಟೆ. ಕೆಟ್ಟಿದ್ದೇ ಅಲ್ಲಿ.

ಎಚ್‌ಎಸ್‌ಸಿಯಲ್ಲಿ, ಅಂದರೆ ಅಲ್ಲಿನ 12ನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಲ್ಲಿ, ಪಾಂಪೇ, ಹರ್ಕ್ಯುಲೇನಿಯಂ ಭಾಗ ಈ ವಿಷಯ ತಗೊಂಡವರಿಗೆಲ್ಲ ಕಡ್ಡಾಯ, 100ಕ್ಕೆ 25 ಅಂಕ. ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಹೂತುಹೋದ ಊರುಗಳು ಇವು. 1938ರಲ್ಲಿ ಪಾಂಪೇಯ ಒಂದು ಮನೆಯಲ್ಲಿ ಭಾರತದ ದಂತದ ಗೊಂಬೆ ಸಿಕ್ಕಿತು. ಹತ್ತಿರ ಹತ್ತಿರ ಒಂದು ಗೇಣು ಎತ್ತರ, ಕೈಕಾಲು ತುಂಬ ಬಳೆ ಕಡಗ, ಅಕ್ಕಪಕ್ಕ ಇಬ್ಬರು ಪುಟ್ಟ ಸಖಿಯರು. ಈಗ ನೇಪಲ್ಸ್ ಮ್ಯೂಸಿಯಂನಲ್ಲಿದೆ, "ಪಾಂಪೇ ಲಕ್ಷ್ಮಿ" ಅಂತಲೇ ಹೆಸರು. ಚಿತ್ರ ನೋಡಿ ಮೈ ಜುಂ ಅಂದಿತು. ಅಪ್ಪನಿಗೂ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

ಎಚ್‌ಎಸ್‌ಸಿಗೆ ಮೊದಲು ಶಾಲೆಯಲ್ಲೇ ನಡೆಯೋ ಟ್ರಯಲ್ ಪರೀಕ್ಷೆಯಲ್ಲಿ ಪಾಂಪೇಯ ವ್ಯಾಪಾರದ ಬಗ್ಗೆ ಪ್ರಶ್ನೆ ಬಂತು. ಅಲ್ಲಿಯವರು ಲಕ್ಷ್ಮೀಪೂಜೆ ಮಾಡುತ್ತಿದ್ದರು, ಭಾರತೀಯರು ಅಲ್ಲಿ ನೆಲೆಸಿದ್ದರು ಅಂತ ಎರಡು ಪುಟ ಬರೆದೆ. 10ಕ್ಕೆ 3 ಬಂತು. ಟ್ರಯಲ್ ಅಂಕ ಶಾಲೆಯ ಅಸೆಸ್‌ಮೆಂಟಿಗೂ ಸೇರುತ್ತೆ, ಅದನ್ನು ಕೊನೆಗೂ ತುಂಬಿಕೊಳ್ಳಲಾಗಲಿಲ್ಲ.

"ಪೂಜೆ ಅನ್ನೋದಕ್ಕೆ ಸಾಕ್ಷಿ ಎಲ್ಲಿದೆ?" ಅಂತ ಟೀಚರ್ ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಗೊಂಬೆಗೆ ನೆತ್ತಿಯಿಂದ ಕೆಳಕ್ಕೆ ಕೊರೆದ ತೂತಿದೆ. ಮೇಜಿನ ಕಾಲೋ ಕನ್ನಡಿಯ ಹಿಡಿಯೋ ಆಗಿದ್ದಿರಬಹುದು ಅಂತಾರೆ ವಿದ್ವಾಂಸರು. ಲಕ್ಷ್ಮಿಯೇ ಅಲ್ಲ, ಯಕ್ಷಿ ಅನ್ನುವವರೂ ಇದ್ದಾರೆ. ಅದು ಗಟ್ಟಿಯಾಗಿ ಹೇಳೋದು ಇಷ್ಟೇ: 79ಕ್ಕೆ ಮೊದಲೇ ಭಾರತದ ಸರಕು ಆ ಊರು ಮುಟ್ಟಿತ್ತು, ಅಂಥದ್ದನ್ನು ಮನೆಯಲ್ಲಿಟ್ಟುಕೊಳ್ಳುವವರು ಅಲ್ಲಿದ್ದರು. ಪ್ರಶ್ನೆ ಕೇಳಿದ್ದೂ ಅದನ್ನೇ. ಆ ಒಂದು ವಾಕ್ಯವನ್ನೇ ನಾನು ಬರೆದಿರಲಿಲ್ಲ. ಗೊಂಬೆಯ ಮುಂದೆ ಕೂತು ನಮ್ಮ ಮನೆಯ ದೇವರ ಗೂಡನ್ನು ನೋಡುತ್ತಿದ್ದೆ.

ಬೇಜಾರು ಮಾಡ್ಕೋಬೇಡಿ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. "ನಮಗೇನು ಸಂಬಂಧ" ಅಂತ ದಯವಿಟ್ಟು ಮಗನನ್ನು ಕೇಳಬೇಡಿ. ನಿಮ್ಮನ್ನು ಒಪ್ಪಿಸೋಕೆ ಅವನೂ ಇಲ್ಲದ್ದನ್ನು ಹುಡುಕಿಕೊಂಡು ಹೋಗ್ತಾನೆ. ಅವರ ಕಥೆ ಅವರದ್ದೇ ಅಂತ ಓದಲಿ ಬಿಡಿ, ಅದರಲ್ಲೇ ಬೇಕಾದಷ್ಟು ರುಚಿ ಇದೆ. ಇನ್ನು ಕೆಮಿಸ್ಟ್ರಿ ಬಿಡಬೇಕು ಅಂತ ಯಾರು ಹೇಳಿದರು? 12ನೇ ಕ್ಲಾಸಿಗೆ ಬೇಕಾದ್ದು ಕನಿಷ್ಠ 10 ಯೂನಿಟ್. ಇಂಗ್ಲಿಷ್, ಗಣಿತ, ಫಿಸಿಕ್ಸ್, ಕೆಮಿಸ್ಟ್ರಿಗೆ ಎರಡೆರಡು ಹೋದರೂ ಇದಕ್ಕೆ ಎರಡು ಉಳಿಯುತ್ತೆ. ಸ್ಕೇಲಿಂಗ್ (ವಿಷಯಕ್ಕೆ ತಕ್ಕಂತೆ ಅಂಕ ಏರಿಳಿಸೋದು) ಲೆಕ್ಕ ನೋಡಿ ವಿಷಯ ಆರಿಸೋದು ನನಗಂತೂ ಒಪ್ಪಿಗೆಯಿಲ್ಲ. ಬರೆಯೋದೇ ಅವನಿಗೆ ಆಗಲ್ಲ ಅನ್ನೋದಾದರೆ ಮಾತ್ರ ಬೇಡ ಅನ್ನಿ, ಪರೀಕ್ಷೆಯಲ್ಲಿ 3 ಗಂಟೆ ಕೈ ನಿಲ್ಲಿಸೋ ಹಾಗಿಲ್ಲ.

ಇವತ್ತು ಊಟ ಆದಮೇಲೆ ಆ ಗೊಂಬೆಯ ಚಿತ್ರ ತೆಗೆದು, ಹೆಸರು ಹೇಳದೆ, ಏನು ಕಾಣುತ್ತೆ ಅಂತ ಅವನನ್ನು ಕೇಳಿ. ಬಳೆ, ಕಡಗ, ಸಖಿಯರು ಅಂತ ಒಂದೊಂದಾಗಿ ಹೇಳ್ತಾ ಹೋದರೆ ಫಾರ್ಮಿಗೆ ಸಹಿ ಹಾಕಿಬಿಡಿ.