ಜಲ್ಲಿ ಗುಂಡೀಲಿ ಮಳೆನೀರು ನಿಲ್ತಿದೆ, ಹೋದ ವರ್ಷದ ತನಕ ನಿಲ್ತಿರ್ಲಿಲ್ಲ, 5 ಹೆಚ್‌ಪಿ ಪಂಪು ಸಾಲ್ತಿಲ್ಲ, 15 ಹೆಚ್‌ಪಿ ಹಾಕ್ಲಾ?

15 ಹೆಚ್‌ಪಿ ಹಾಕಿ ಕೈ ಸುಟ್ಕೊಂಡೋನು ನಾನು, ಅದಕ್ಕೇ ಬರೀತಿದೀನಿ. ಪಂಪ್ ವಿಷಯ ಕೊನೇಲಿ ಹೇಳ್ತೀನಿ.

ನಾನು ನೋಡ್ಕೊಳ್ತಿದ್ದ ಗುಂಡಿ 2 ಹೆಕ್ಟೇರು. ಬಂಡೆ ಒಡೆಯೋ ಕ್ವಾರಿ ಅಲ್ಲ, ಹಳೇ ಹೊಳೆ ಪಾತ್ರದ ದುಂಡು ಜಲ್ಲಿ. ಮೇಲ್ಗಡೆ ಒಂದು 8 ಹೆಕ್ಟೇರು ಇಳಿಜಾರು, ಬರೀ ಕುರುಚಲು. ಮೊದಲ ಎರಡು ಮಳೆಗಾಲ ನಾವು ಪಂಪೇ ಇಟ್ಟಿರ್ಲಿಲ್ಲ, ಯಾಕಂದ್ರೆ ಜಲ್ಲಿ ತಳ ತಾನೇ ನೀರು ಕುಡೀತಿತ್ತು, ರಾತ್ರಿ ಬಿದ್ದ ಮಳೆ ಮಾರನೇ ಸಂಜೆಗೆ ಇಂಗಿ ಹೋಗೋದು. ನಮ್ಮ ಗುಂಡಿ ಒಳ್ಳೇ ಗುಂಡಿ ಅಂತ ಬೀಗ್ತಿದ್ದೆ.

ಮೂರನೇ ಬೇಸಿಗೇಲಿ ಗುಂಡಿ ಅಗಲ ಮಾಡೋಕೆ ಮೇಲ್ಮಣ್ಣು ತೆಗೆದ್ವಿ. ಆ ಮಣ್ಣು ಹಾಕೋಕೆ ಜಾಗ ಬೇಕಲ್ಲ. ಅಂಚಲ್ಲೇ ಒಂದು ಕೊರಕಲು ಇತ್ತು, ಸೊಂಟದ ಆಳ ಇರ್ಬಹುದು, ಒಣಗಿ ಬಿರುಕು ಬಿಟ್ಟಿತ್ತು. ಟಿಪ್ಪರ್ ದೂರ ಹೋಗೋದು ಬೇಡ, ಡೀಸೆಲ್ ಉಳೀತು ಅಂತ ಹತ್ತು ದಿನ ಅಲ್ಲೇ ಸುರಿಸ್ದೆ. ಹಿಟಾಚಿ ಆಪರೇಟರು, ವಯಸ್ಸಾದವ್ರು, "ಸಾರ್ ಇದು ನೀರಿನ ದಾರಿ ಇದ್ದಂಗಿದೆ" ಅಂದ್ರು. "ನೀರೆಲ್ಲಿದೆ ತೋರ್ಸಿ" ಅಂದೆ. ಈ ಮಾತು ನೆನಪಾದ್ರೆ ಇವತ್ತಿಗೂ ಮೈ ಉರಿಯುತ್ತೆ. ನೀರಿಲ್ಲದ ಜಾಗದಲ್ಲಿ ಸೊಂಟದಾಳದ ಕೊರಕಲು ಯಾರು ತೋಡಿದ್ರು? ಅದರ ತಳದಲ್ಲಿ ದುಂಡಗಾದ ಕಲ್ಲಿದ್ವು, ದಡದಲ್ಲಿ ಗಿಡಗಳ ಬೇರು ಹೊರಗೆ ಬಂದಿತ್ತು, ಕಸಕಡ್ಡಿ ಒಂದೇ ಎತ್ತರಕ್ಕೆ ಪೊದೆಗೆ ಸಿಕ್ಕಾಕೊಂಡಿತ್ತು, ಅಂದ್ರೆ ನೀರು ಎಷ್ಟು ಎತ್ತರಕ್ಕೆ ಬರುತ್ತೆ ಅಂತ ಗೆರೆ ಎಳೆದು ಬರೆದಿಟ್ಟ ಹಾಗೇ ಇತ್ತು. ನಾನು ನೋಡಿದ್ದು ಖಾಲಿ ಜಾಗ ಮಾತ್ರ. ಮುಚ್ಚಿ, ಮಟ್ಟ ಮಾಡಿ, ಟಿಪ್ಪರ್ ನಿಲ್ಸೋಕೆ ಯಾರ್ಡ್ ಆಯ್ತು ಅಂತ ಖುಷಿ ಬೇರೆ ಪಟ್ಟೆ.

ಮೊದಲ ಎರಡು ಮಳೇಲಿ ಏನೂ ಆಗ್ಲಿಲ್ಲ. ಆಗಿದ್ರೆ ಚೆನ್ನಾಗಿತ್ತು. ನೀರು ಆ ಮಣ್ಣಿನ ಗುಡ್ಡೆ ಹಿಂದೆ ನಿಂತ್ಕೊಂಡು ಸದ್ದಿಲ್ದೆ ಒಳಗೆ ಇಳೀತಾ ಮಣ್ಣನ್ನ ನೆನೆಸ್ತಿತ್ತು. ಆಮೇಲೆ ಒಂದು ರಾತ್ರಿ 60 ಮಿಲಿಮೀಟರ್ ಹೊಡೀತು. ಲೆಕ್ಕ ನೋಡಿ, 1 ಹೆಕ್ಟೇರ್ ಮೇಲೆ 1 ಮಿಲಿಮೀಟರ್ ಮಳೆ ಅಂದ್ರೆ 10 ಘನ ಮೀಟರ್, ಅಂದ್ರೆ ಹತ್ತು ಸಾವಿರ ಲೀಟರ್. ನಮ್ಮ ಗುಂಡಿ ಮೇಲೆ ನೇರ ಬಿದ್ದಿದ್ದು 1200 ಘನ ಮೀಟರ್. ಮೇಲಿನ ಇಳಿಜಾರಲ್ಲಿ 4800, ಅದ್ರಲ್ಲಿ ಅರ್ಧ ಇಂಗ್ತು ಅಂದ್ರೂ 2400 ಹರಿದು ಬಂತು. ಒಟ್ಟು ನೀರಲ್ಲಿ ಮೂರರಲ್ಲಿ ಎರಡು ಪಾಲು ನಮ್ಮದೇ ಅಲ್ಲ, ದಾರಿ ಕಟ್ಟಿ ನಾನೇ ಒಳಗೆ ಕರ್ಕೊಂಡಿದ್ದು. ಗುಡ್ಡೆ ಮೇಲಿಂದ ನೀರು ಉಕ್ಕಿ, ಸಡಿಲ ಮಣ್ಣನ್ನ ಕೊರೆದು, ಯಾರ್ಡು, ಟಿಪ್ಪರ್ ಇಳಿಯೋ ರ‍್ಯಾಂಪು ಎಲ್ಲಾ ಹೊತ್ಕೊಂಡು ಗುಂಡಿಗೆ ಇಳೀತು.

ರ‍್ಯಾಂಪ್ ಮತ್ತೆ ಕಟ್ಬಹುದು ಬಿಡಿ. ಹೊಡೆತ ಬಿದ್ದಿದ್ದು ಬೇರೆ ಕಡೆ. ಆ ಬಗ್ಗಡ ತಳದ ಜಲ್ಲಿ ಸಂದಿಗೆಲ್ಲಾ ಇಳಿದು ಮೆತ್ಕೊಂಡ್ಬಿಡ್ತು, ಕೆರೆ ತಳಕ್ಕೆ ಜೇಡಿ ಹಾಕ್ದಂಗೆ. ಅಷ್ಟು ದಿನ ನೀರು ಕುಡೀತಿದ್ದ ಗುಂಡಿ ಅವತ್ತಿಂದ ಕೆರೆ ಆಯ್ತು. ನಿಮ್ಮದೂ "ಹೋದ ವರ್ಷದ ತನಕ ನಿಲ್ತಿರ್ಲಿಲ್ಲ" ಅಂತ ಬರ್ದಿದೀರಲ್ಲ, ನನಗೆ ಡೌಟ್ ಬಂದಿದ್ದೇ ಅಲ್ಲಿ. (ಮಳೆ ಇಲ್ದಾಗ್ಲೂ ತಿಳಿ ನೀರು ಒಸರ್ತಿದ್ರೆ ಅದು ಅಂತರ್ಜಲ, ಅದರ ಕಥೆ ಬೇರೆ.)

ಆಗ ನಾನು ಮಾಡಿದ್ದು ನೀವೀಗ ಮಾಡಕ್ ಹೊರಟಿರೋದನ್ನೇ, ದೊಡ್ಡ ಪಂಪು. ಫುಟ್‌ವಾಲ್ವ್ (ನೀರೆಳೆಯೋ ಪೈಪಿನ ತುದೀಲಿರೋ ವಾಲ್ವ್) ತಳಕ್ಕೆ ಬಿಟ್ಟು ಎಳೆಸ್ದೆ, ಕೆಸರೆಲ್ಲಾ ಕೆಳಗಿನವ್ರ ಗದ್ದೆಗೆ ಹೋಯ್ತು. ದೊಡ್ಡ ಪಂಪು ಕೆಸರನ್ನ ಬೇಗ ಆಚೆ ಕಳಿಸುತ್ತೆ ಅಷ್ಟೇ. ಗದ್ದೆಯವ್ರ ದೂರು, ಕೆಲಸ ನಿಲ್ಸಿ ಅಂತ ನೋಟೀಸು, ಐದು ವಾರ ಬಂದ್. ತಪ್ಪು ನಂದೇ, ಅವ್ರನ್ನ ಬೈಯೋ ಮುಖ ನನಗಿರ್ಲಿಲ್ಲ.

ಆ ಐದು ವಾರದಲ್ಲಿ ಮೊದಲು ಅದೇ ಆಪರೇಟರ್ ಕೈಲಿ ಕೊರಕಲು ಬಿಡಿಸ್ದೆ. ಮೇಲಂಚಲ್ಲಿ ಅಡ್ಡ ಕಾಲುವೆ ತೋಡಿ, ಇಳಿಜಾರಿನ ನೀರು ಗುಂಡಿ ಮುಟ್ಟದ ಹಾಗೆ ಸುತ್ತು ಹಾಕಿ ಕೆಳಗಿನ ಹಳೇ ದಾರಿಗೇ ಸೇರೋ ಹಾಗೆ ಮಾಡಿದ್ವಿ. ಕಡಿದಾದ ಕಡೆ ಕಲ್ಲು ಪಿಚ್ಚಿಂಗು (ಕಲ್ಲು ಹಾಸು), ನಡುನಡುವೆ ಕಲ್ಲಿನ ತಡೆ. ಮೇಲಿನ ತಡೆಯ ಬುಡ ಕೆಳಗಿನ ತಡೆಯ ನೆತ್ತಿ ಮಟ್ಟಕ್ಕೆ ಬರ್ಬೇಕು, ಇಲ್ಲಾಂದ್ರೆ ಮಧ್ಯದಲ್ಲಿ ಕೊರೆಯುತ್ತೆ. ತಳದ ಕೆಸರು ಅರ್ಧ ಅಡಿ ಕೆರೆದು ತೆಗೆದ್ವಿ, ಪೂರ್ತಿ ಮೊದಲಿನ ಹಾಗೆ ಆಗ್ಲಿಲ್ಲ, ಆದ್ರೂ ಇಂಗುತ್ತೆ.

ಹೊರಗೆ ಬಿಡೋ ನೀರಿಗೆ ಒಂದು ತಿಳಿಗೊಳ. ಇಲ್ಲಿ ಎಲ್ರೂ ಆಳ ತೋಡಿ ಅಂತಾರೆ, ನಾನು ಒಪ್ಪಲ್ಲ. ನೀರು ಹರೀತಿರೋವಾಗ ಮಣ್ಣು ಕೂರೋಕೆ ಬೇಕಿರೋದು ಮೇಲ್ಮೈ ವಿಸ್ತೀರ್ಣ, ಆಳ ಬೇಕಿರೋದು ಹೂಳಿಗೆ ಜಾಗ ಅಂತ. ಉದ್ದಕ್ಕೆ ಮಾಡಿ, ನೀರು ಒಂದು ತುದೀಲಿ ಬಂದು ಇನ್ನೊಂದು ತುದೀಲಿ ಹೋಗ್ಲಿ. ಕೋಡಿ ಮಾತ್ರ ಗಟ್ಟಿ ನೆಲದಲ್ಲಿ, ಮಣ್ಣು ತುಂಬಿ ಮಾಡಿದ ಏರಿ ಮೇಲಲ್ಲ. ಮರಳು ಕೆಲವು ನಿಮಿಷದಲ್ಲಿ ಕೂರುತ್ತೆ, 2 ಮೈಕ್ರಾನಿನ (ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲು) ಜೇಡಿ ಕಣ ನಿಂತ ನೀರಲ್ಲಿ 1 ಮೀಟರ್ ಇಳಿಯೋಕೇ ಸುಮಾರು ಮೂರು ದಿನ ಬೇಕು. ಹಂಗಾಗಿ ಜೇಡಿ ಇದ್ರೆ ಬಕೆಟ್‌ನಲ್ಲಿ ಆಲಂ (ಪಟಿಕ) ಹಾಕಿ ಎಷ್ಟು ಬೇಕು ಅಂತ ಪರೀಕ್ಷೆ ಮಾಡಿ, ಕಣ್ಣಳತೇಲಿ ಸುರೀಬೇಡಿ.

ಈಗ ಪಂಪು. ನಮ್ಮದೇ 1200 ಘನ ಮೀಟರ್ ಮೂರು ದಿನದಲ್ಲಿ ತೆಗೀಬೇಕಂದ್ರೆ ಗಂಟೆಗೆ 17 ಘನ ಮೀಟರ್, ಅದನ್ನ 15 ಮೀಟರ್ ಎತ್ತೋಕೆ 3 ಹೆಚ್‌ಪಿ ಸಾಕಾಗಿ ಮಿಗುತ್ತೆ, ಸಕ್ಷನ್ ಪೈಪಿನ ಬಾಯಿ ಖಾಲಿ ಡ್ರಮ್ಮಿಗೆ ಕಟ್ಟಿ ತೇಲಿಸಿ ಮೇಲಿನ ತಿಳಿ ಎಳೆದ್ರೆ. ನನ್ನ 15 ಹೆಚ್‌ಪಿ ಶೆಡ್ಡಲ್ಲಿ ಟಾರ್ಪಲ್ ಹೊದ್ಕೊಂಡು ಕೂತಿದೆ. ಬೇಕಾದ್ರೆ ಹೇಳಿ, ಆದ್ರೆ ನಿಮ್ಮ ಗುಂಡಿ ಮೇಲ್ಗಡೆ ಇಳಿಜಾರಿನ ಫೋಟೋ ಕಳಿಸಿದ ಮೇಲೇ ಕೊಡೋದು.