ಸ್ತ್ರೀ ಸಂಘದ ಆ ಒಂದು ರೂಪಾಯಿ ಎಲ್ಲಿಗೆ ಹೋಗುತ್ತದೆ?

ನಿಮ್ಮ ಪ್ರಶ್ನೆ ಇದು: "ಪ್ರಾರ್ಥನೆ ಮಾಡಿದಾಗಲೆಲ್ಲ ಒಂದು ಚಿಕ್ಕ ನಾಣ್ಯ ತೆಗೆದಿಡಿ ಎಂದು ನಮ್ಮ ಚರ್ಚಿನ ಸ್ತ್ರೀ ಸಂಘದವರು ಹೇಳುತ್ತಾರೆ. ಅದು ಬೇರೆ ಬೇರೆ ದೇಶದ ಹೆಂಗಸರಿಗೆ, ಯುವಜನರಿಗೆ ಹೋಗುತ್ತದಂತೆ. ಒಂದು ರೂಪಾಯಿಯಿಂದ ಯಾರಿಗೆ ಏನು ಉಪಯೋಗ?"

ನಾನು ನಮ್ಮ ಸಂಘದ ಲೆಕ್ಕ ಬರೆಯುತ್ತಾ ಬಂದವಳು. ಉಪಯೋಗ ಇದೆ, ಖಂಡಿತ ಇದೆ. ನೀವು ಹೇಳುತ್ತಿರುವುದು ಫೆಲೋಶಿಪ್ ಆಫ್ ದಿ ಲೀಸ್ಟ್ ಕಾಯಿನ್, ಅಂದರೆ ಅತಿ ಚಿಕ್ಕ ನಾಣ್ಯದ ಸಹಭಾಗಿತ್ವ ಎಂಬ ಯೋಜನೆ ಬಗ್ಗೆ ಅಂತ ಕಾಣುತ್ತೆ. ಅದನ್ನು ಶುರು ಮಾಡಿದ್ದು ಒಬ್ಬ ಭಾರತೀಯ ಹೆಂಗಸು ಎಂಬುದು ನಮ್ಮ ಸಂಘಗಳಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅವರ ಹೆಸರು ಶಾಂತಿ ಸೋಲೊಮನ್.

1956ರ ಮಾತು. ಯುದ್ಧದ ಗಾಯ ಇನ್ನೂ ಮಾಯದ ಏಷ್ಯಾದ ದೇಶಗಳಿಗೆ ಅಮೆರಿಕದ ಪ್ರೆಸ್ಬಿಟೇರಿಯನ್ ಎಂಬ ಪ್ರಾಟೆಸ್ಟೆಂಟ್ ಪಂಗಡದ ಮಹಿಳೆಯರು ಒಂದು ತಂಡ ಹೊರಡಿಸಿದರು. ಹಲವು ದೇಶಗಳ ಹೆಂಗಸರಿದ್ದ ಆ ತಂಡದಲ್ಲಿ ಶಾಂತಿ ಸೋಲೊಮನ್ ಕೂಡ ಇದ್ದರು. ಆದರೆ ಅವರಿಗೆ ಕೊರಿಯಾಕ್ಕೆ ಹೋಗಲು ವೀಸಾ ಸಿಗಲಿಲ್ಲ. ಉಳಿದವರು ಮುಂದೆ ಹೋದರು, ಇವರು ಫಿಲಿಪೈನ್ಸ್‌ನ ಮನಿಲಾದಲ್ಲೇ ನಿಂತರು. ಮನುಷ್ಯರನ್ನು ಗಡಿ ತಡೆಯಬಹುದು, ಪ್ರಾರ್ಥನೆಯನ್ನು ತಡೆಯುವುದಕ್ಕೆ ಆಗುವುದಿಲ್ಲ ಎಂಬ ಯೋಚನೆ ಅಲ್ಲೇ ಗಟ್ಟಿಯಾಯಿತು. ತಂಡ ವಾಪಸ್ ಬಂದು ಕೊರಿಯಾದ ಹೆಂಗಸರ ಕಷ್ಟ ಹೇಳಿದಾಗ ಅವರು ಈ ಸಲಹೆ ಮುಂದಿಟ್ಟರು: ಬೇರೆಯವರಿಗಾಗಿ, ರಾಜಿ ಸಮಾಧಾನಕ್ಕಾಗಿ ಪ್ರಾರ್ಥನೆ ಮಾಡಿದಾಗಲೆಲ್ಲ ನಿಮ್ಮ ದೇಶದ ಅತಿ ಚಿಕ್ಕ ನಾಣ್ಯ ಒಂದನ್ನು ತೆಗೆದಿಡಿ.

ಅತಿ ಚಿಕ್ಕ ನಾಣ್ಯವೇ ಯಾಕೆ? ಬಡವಳೂ ಸಾಹುಕಾರಳೂ ಸಮನಾಗಿ ಕೊಡಲಿ ಅಂತ. ನನಗೆ ಈ ಯೋಜನೆಯಲ್ಲಿ ತುಂಬ ಹಿಡಿಸಿದ್ದೇ ಇದು. "ಕೈಲಾದಷ್ಟು ಕೊಡಿ" ಅಂದರೆ ಏನಾಗುತ್ತೆ, ನೀವೇ ನೋಡಿರುತ್ತೀರಿ. ಜಾಸ್ತಿ ಕೊಟ್ಟವರು ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಕೂಲಿಗೆ ಹೋಗುವ ಅಕ್ಕ ಹಿಂದೆ ಸರಿಯುತ್ತಾಳೆ. ಇಲ್ಲಿ ಅಮೆರಿಕದವಳು ಒಂದು ಸೆಂಟ್ ಹಾಕಿದರೆ ನಮ್ಮವಳು ಒಂದು ಪೈಸೆ ಹಾಕಿದಳು. ದೊಡ್ಡ ದೇಶದವರು ಕೊಡುವವರು, ನಾವು ಕೈಚಾಚುವವರು ಎಂಬ ಭೇದಕ್ಕೆ ಜಾಗವೇ ಇರಲಿಲ್ಲ. ಈಗ ನಮ್ಮಲ್ಲಿ ಪೈಸೆ ಎಲ್ಲಿದೆ? 2011ರ ಜೂನ್ 30ರ ನಂತರ 25 ಪೈಸೆಯೂ ಹೋಯಿತು. 50 ಪೈಸೆ ಕಾನೂನಿನಲ್ಲಿ ನಡೆಯುತ್ತದೆ, ಅಂಗಡಿಯಲ್ಲಿ ನಡೆಯುವುದಿಲ್ಲ. ಹಾಗಾಗಿ ಒಂದು ರೂಪಾಯಿ.

ಒಬ್ಬಳು ವರ್ಷವೆಲ್ಲ ಕೂಡಿಟ್ಟದ್ದು ಸಣ್ಣ ಮೊತ್ತ, ನಿಜ. ಆದರೆ ಅದು ಊರಿನ ಸಂಘಗಳಿಂದ ಮೇಲೆ ಸೇರುತ್ತಾ ಹೋಗುತ್ತದೆ. ಹೀಗೆ ದೇಶ ದೇಶಗಳಲ್ಲಿ ಕೂಡಿದ ಹಣದಿಂದ ಅಂತರರಾಷ್ಟ್ರೀಯ ಸಮಿತಿ ಸಣ್ಣ ಸಣ್ಣ ಅನುದಾನ ಕೊಡುತ್ತದೆ. ಹೆಂಗಸರು, ಮಕ್ಕಳು, ಯುವಜನರಿಗೆ ಸಂಬಂಧಪಟ್ಟ ಕೆಲಸಕ್ಕೆ ಹಣ ಬೇಕಾದವರು ಅರ್ಜಿ ಹಾಕಬೇಕು. ದೊಡ್ಡ ಸಂಸ್ಥೆಗಳು ತಿರುಗಿಯೂ ನೋಡದಂಥ ಸಣ್ಣ ಕೆಲಸಕ್ಕೆ ಇಂಥ ಸಣ್ಣ ಹಣವೇ ಸರಿಹೊಂದುತ್ತದೆ ಅಲ್ವಾ?

ಇದಕ್ಕಿಂತ ಹಳೆಯ ಉದಾಹರಣೆ ಬೇಕಾ? 1869ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಮೆಥೊಡಿಸ್ಟ್ ಎಂಬ ಇನ್ನೊಂದು ಪ್ರಾಟೆಸ್ಟೆಂಟ್ ಪಂಗಡದ ಕೆಲವೇ ಹೆಂಗಸರು ಸೇರಿ ಒಂದು ಸಂಘ ಕಟ್ಟಿದರು. ವಾರಕ್ಕೆ ಎರಡು ಸೆಂಟ್, ಜೊತೆಗೆ ಒಂದು ಪ್ರಾರ್ಥನೆ. ಚರ್ಚಿನ ಆರಾಧನೆಯಲ್ಲಿ ಇವರು ಕಾಣಿಕೆ ಎತ್ತುವಂತಿರಲಿಲ್ಲ. ಮನೆಖರ್ಚಿನಲ್ಲಿ ಉಳಿಸಿದ ಆ ಸೆಂಟುಗಳಿಂದಲೇ ಇಸಬೆಲ್ಲಾ ಥೋಬರ್ನ್ ಮತ್ತು ಡಾಕ್ಟರ್ ಕ್ಲಾರಾ ಸ್ವೈನ್ ಎಂಬ ಇಬ್ಬರನ್ನು ಭಾರತಕ್ಕೆ ಕಳಿಸಿದರು. 1870ರಲ್ಲಿ ಥೋಬರ್ನ್ ಲಖನೌದ ಅಮೀನಾಬಾದ್ ಬಜಾರಿನಲ್ಲಿ ಆರು ಹುಡುಗಿಯರಿಗೆ ಶಾಲೆ ತೆರೆದರು. ಅದು ಬೆಳೆದು ಇವತ್ತಿನ ಇಸಬೆಲ್ಲಾ ಥೋಬರ್ನ್ ಕಾಲೇಜ್ ಆಗಿದೆ. ಸ್ವೈನ್ ಬರೇಲಿಯಲ್ಲಿ ಹೆಂಗಸರ ಆಸ್ಪತ್ರೆ ಕಟ್ಟಿದರು, ಅದಕ್ಕೆ ಜಾಗ ಕೊಟ್ಟದ್ದು ರಾಮಪುರದ ನವಾಬರು. ಪರದೆಯಲ್ಲಿದ್ದ ಹೆಂಗಸರು ಗಂಡು ಡಾಕ್ಟರಿಗೆ ಕೈ ಕೊಟ್ಟು ನಾಡಿ ತೋರಿಸುವುದೂ ಕಷ್ಟವಿದ್ದ ಕಾಲ ಅದು. ನಮ್ಮ ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆ ಗೊತ್ತಲ್ಲ? ಅದಕ್ಕೂ ಇದೇ ಥೋಬರ್ನ್ ಕುಟುಂಬದ ಎಲೆನ್ ಥೋಬರ್ನ್ ಕೋವೆನ್ ಅವರ ಹೆಸರು.

ಇನ್ನು ಮಿಜೋರಾಂ. ಅಲ್ಲಿನ ಪ್ರೆಸ್ಬಿಟೇರಿಯನ್ ಹೆಂಗಸರು 1910ರಿಂದ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ಬೇರೆ ತೆಗೆದಿಡುತ್ತಾರೆ. ಸಂಘದವರು ಮನೆಮನೆಯಿಂದ ಅದನ್ನು ಕೂಡಿಸಿ ಮಾರುತ್ತಾರೆ. ಅವರ ಭಾಷೆಯಲ್ಲಿ ಅದು "ಬುಹ್ಫಾಯ್ ಥಾಮ್". ಕೈಯಲ್ಲಿ ದುಡ್ಡೇ ಇಲ್ಲದ ಹೆಂಗಸರೂ ಕೊಡಲು ಆದದ್ದು ಹೀಗೆ. ಇವತ್ತು ಆ ಹಿಡಿ ಅಕ್ಕಿಯ ವರ್ಷದ ಮೊತ್ತ ಕೋಟಿಗಟ್ಟಲೆ ರೂಪಾಯಿ.

ಮಾರ್ಚ್ ಮೊದಲ ಶುಕ್ರವಾರದ ವಿಶ್ವ ಪ್ರಾರ್ಥನಾ ದಿನಕ್ಕೆ ನೀವೂ ಹೋಗಿರಬಹುದು. ಪ್ರತಿ ವರ್ಷ ಒಂದೊಂದು ದೇಶದ ಹೆಂಗಸರು ಆರಾಧನೆಯ ಕ್ರಮ ಬರೆಯುತ್ತಾರೆ. 2025ರಲ್ಲಿ ಕುಕ್ ದ್ವೀಪಗಳವರು ಬರೆದಿದ್ದರು. ಜರ್ಮನಿಯಲ್ಲಿ ಆ ದಿನದ ಕಾಣಿಕೆ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಹೆಂಗಸರ ಮತ್ತು ಹುಡುಗಿಯರ ಕೆಲಸಗಳಿಗೆ ಹೋಗುತ್ತದೆ.

ಒಂದು ತೊಡಕನ್ನೂ ಹೇಳಬೇಕು. ಹೊರದೇಶದ ಹಣ ನಮ್ಮ ದೇಶದ ಸಂಸ್ಥೆಗೆ ಬರಬೇಕಾದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಕೆಳಗೆ ನೋಂದಣಿಯೋ ಮುಂಗಡ ಅನುಮತಿಯೋ ಇರಲೇಬೇಕು. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ತನಗೆ ಬಂದ ಆ ಹಣವನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಹಾಗಾಗಿ ಊರಿನ ಚಿಕ್ಕ ಸಂಘಗಳಿಗೆ ಇಂಥ ಅನುದಾನ ತಲುಪುವುದು ಕಷ್ಟವಾಗಿದೆ. ಇದು ನನಗೆ ನಿಜವಾಗಿ ನೋವಿನ ವಿಷಯ.

ನಿಮ್ಮ ಅನುಮಾನ ತಪ್ಪಲ್ಲ. ಮುಂದಿನ ವಾರ್ಷಿಕ ಸಭೆಯಲ್ಲಿ ಖಜಾಂಚಿಯನ್ನು ನೇರವಾಗಿ ಕೇಳಿ: ಈ ವರ್ಷ ಎಷ್ಟು ನಾಣ್ಯ ಸೇರಿತು, ಯಾವ ತಾರೀಖು ಮೇಲಕ್ಕೆ ಕಳಿಸಿದಿರಿ, ರಸೀದಿ ಎಲ್ಲಿ? ಯಾವ ಯಾವ ದೇಶದ ಯಾವ ಕೆಲಸಕ್ಕೆ ಅನುದಾನ ಹೋಗಿದೆ ಎಂಬ ವರದಿ ತರಿಸಿ, ಕನ್ನಡದಲ್ಲಿ ಓದಿ ಹೇಳಿ ಅನ್ನಿ. ನಮ್ಮ ಸಂಘದಲ್ಲಿ ಹೀಗೆ ಯಾರಾದರೂ ಕೇಳಿದರೆ ಲೆಕ್ಕ ಬರೆಯುವ ನನಗೆ ಸಂತೋಷವೇ ಆಗುತ್ತದೆ.